ಬುಂದೂ ಉಸ್ತಾದರ ಕೈಗಳು

ಆಗ್ರಾದಲ್ಲಿ ಲೈಸೆನ್ಸ್ ಇರುವ ಗೈಡುಗಳು ನೂರಾರು. ಲೈಸೆನ್ಸ್ ಇಲ್ಲದೆ ಗಿರಾಕಿಯ ತೋಳು ಹಿಡಿದು ಎಳೆಯುವವರು ಅದರ ಹತ್ತರಷ್ಟು. ಅವರನ್ನು ಊರವರು ಲಪಕಾ ಎನ್ನುತ್ತಾರೆ. ಈ ಇಡೀ ಹಿಂಡಿನಲ್ಲಿ, ಶಹಜಹಾನ ತಾಜ್ ಕಟ್ಟಿದವರ ಕೈ ಕಡಿಸಿದ ಎಂಬ ಕಥೆಯನ್ನು ಬಾಯಿಗೆ ತಾರದೆ ಇಪ್ಪತ್ತೇಳು ವರ್ಷ ಹೊಟ್ಟೆ ಹೊರೆದವರು ತ್ರಿಲೋಕಿನಾಥ ಕುಲಶ್ರೇಷ್ಠರು ಒಬ್ಬರೇ ಇದ್ದಿರಬೇಕು.

ಹಾಗಂತ ಅವರೇನು ಸತ್ಯಹರಿಶ್ಚಂದ್ರರಲ್ಲ. ಯಮುನೆಯ ಆಚೆ ದಡದಲ್ಲಿ ಕರಿಯ ತಾಜ್ ಕಟ್ಟುವವನಿದ್ದ ರಾಜ ಎಂದು ಅವರೂ ಹೇಳುತ್ತಿದ್ದರು, ಕೊನೆಗೊಂದು ‘ಅಂತಾರೆ’ ಸೇರಿಸಿ. ಆ ‘ಅಂತಾರೆ’ ಇದ್ದರೆ ತಮ್ಮ ನಾಲಿಗೆಗೆ ಮೈಲಿಗೆಯಿಲ್ಲ ಎಂಬುದು ಅವರ ಲೆಕ್ಕ. ಆದರೆ ಕೈ ಕಡಿದ ಕಥೆಗೆ ಆ ‘ಅಂತಾರೆ’ಯನ್ನೂ ಅವರು ಕೊಟ್ಟಿರಲಿಲ್ಲ. ಅದಕ್ಕೆ ಕಾರಣ ಬುಂದೂ ಉಸ್ತಾದರು.

ತ್ರಿಲೋಕಿ ಬಾಬು ಹುಟ್ಟಿ ಬೆಳೆದದ್ದು ತಾಜ್‌ಗಂಜಿನ ಗಲ್ಲಿಯಲ್ಲಿ, ಅಂಚೆ ಕಚೇರಿಯ ಗುಮಾಸ್ತರ ಮಗನಾಗಿ. ಅವರ ಮನೆಗೂ ಬುಂದೂ ಉಸ್ತಾದರ ಕಾರ್ಖಾನೆಗೂ ನಡುವೆ ಒಂದೇ ಗೋಡೆ. ಅಮೃತಶಿಲೆಯಲ್ಲಿ ಹೂವಿನ ಎಸಳಿನಷ್ಟು ಗುಂಡಿ ಕೊರೆದು, ಅದಕ್ಕೆ ಸರಿಯಾಗಿ ಬಣ್ಣದ ಕಲ್ಲು ಉಜ್ಜಿ ಕೂರಿಸುವ ಪಚ್ಚೀಕಾರಿ ಕೆಲಸ ಉಸ್ತಾದರದು. ಅವರ ಮುಂದೆ ಯಾರಾದರೂ ಈ ಕೈ ಕಡಿದ ಮಾತೆತ್ತಿದರೆ ಕೆಲಸದ ಕಲ್ಲಿನಿಂದ ತಲೆಯೆತ್ತದೆ ಕೇಳುತ್ತಿದ್ದರು: “ಕೈ ಕಡಿದಿದ್ರೆ ಮಕ್ಕಳಿಗೆ ಕೆಲಸ ಕಲಿಸಿದ್ದು ಯಾವುದರಲ್ಲಪ್ಪಾ, ಕಾಲಲ್ಲಾ?” ಕೇಳಿದವರೆಲ್ಲ ನಗುತ್ತಿದ್ದರು. ಹತ್ತು ವರ್ಷದ ತ್ರಿಲೋಕಿಯೂ ನಕ್ಕಿದ್ದ. ಮುಂದೆ ಗೈಡಾದಾಗ ಎದೆಯೊಳಗೆ ಆ ಪ್ರಶ್ನೆ ಕೂತಿತ್ತು; ಆ ಕಥೆ ಗಂಟಲಿಗೆ ಬರಲೇ ಇಲ್ಲ.

ಇಷ್ಟು ವರ್ಷ ಇದರಿಂದ ತೊಂದರೆಯೂ ಆಗಿರಲಿಲ್ಲ. ಆದರೆ ಈಗೀಗ ಬರುವ ಗಿರಾಕಿಗಳು ದಿಲ್ಲಿಯಿಂದ ಬೆಳಿಗ್ಗೆ ಹೊರಟು, ನಾಲ್ಕು ತಾಸಿನಲ್ಲಿ ತಾಜ್, ಕೋಟೆ, ಒಂದು ಅಂಗಡಿ ನೋಡಿ, ಕಾರಿನಲ್ಲೇ ಕೂತು ಫೋನಿನಲ್ಲಿ ಗೈಡಿಗೆ ಮಾರ್ಕು ಬರೆಯುವವರು. ‘ಗೈಡ್ ವಿದ್ವಾಂಸರು, ಆದರೆ ಒಣ ಮನುಷ್ಯ. ಕೈ ಕಡಿದ ವಿಷಯ ಕೇಳಿದರೆ ಮಾತು ಹಾರಿಸಿದರು’ ಎಂದು ಒಬ್ಬರು ಬರೆದರು. ಇನ್ನೊಬ್ಬರೂ ಹೆಚ್ಚುಕಡಿಮೆ ಅದನ್ನೇ ಬರೆದರು. ಮೂರನೆಯದು ಬಂದ ಮೇಲೆ ಗಿರಾಕಿಗಳನ್ನು ಕಳಿಸುವ ಟೂರ್ ಕಂಪನಿಯ ಮಾಥುರ್ ಫೋನು ಮಾಡಿದ.

“ಬಾಬೂಜಿ, ಇವತ್ತು ಬೆಲ್ಜಿಯಂ ಗಂಡಹೆಂಡ್ತಿ ಬರ್ತಿದ್ದಾರೆ. ಇದು ಕೊನೇದು. ಇವರೂ ಒಣ ಅಂತ ಬರೆದ್ರೆ ಮೇಲಿನವರು ನಿಮ್ಮ ಹೆಸರು ಪಟ್ಟಿಯಿಂದ ಹೊಡೆದು ಹಾಕ್ತಾರೆ. ನನ್ನ ಕೈಯಲ್ಲಿ ಏನೂ ಇರಲ್ಲ.”

“ಸುಳ್ಳು ಹೇಳು ಅಂತೀಯಾ?”

“ಸುಳ್ಳು ಅಂತ ಯಾರಂದ್ರು? ಕಥೆ ಅನ್ನಿ. ಅಳಿಸಿ ಸ್ವಾಮಿ ಒಂದು ಸಲ. ಸಮಾಧಿ ನೋಡೋಕೆ ಬಂದವರು ಅಳದೆ ಹೋದ್ರೆ ದುಡ್ಡು ದಂಡ ಆಯ್ತು ಅನ್ಕೋತಾರೆ.”

ತ್ರಿಲೋಕಿ ಬಾಬುವಿಗೆ ಐವತ್ತೆಂಟು. ಈ ವಯಸ್ಸಿನ ಗೈಡಿಗೆ ಬೇರೆ ಕಂಪನಿ ಕಾರು ಕಳಿಸುವುದಿಲ್ಲ. ಪಟ್ಟಿಯಿಂದ ಹೆಸರು ಹೋದರೆ ಲಪಕಾಗಳ ಜೊತೆ ಗೇಟಿನಲ್ಲಿ ನಿಂತು ತೋಳು ಎಳೆಯಬೇಕು. ಹೆಂಡತಿ ವಿಮಲೇಶ್ ಬೇಡೈ ಪೂರಿ ಮುರಿದು ಆಲೂಗಡ್ಡೆ ಸಾರಿಗೆ ಅದ್ದುತ್ತ, “ಹೇಳಿಬಿಡಿ ಅತ್ಲಾಗೆ. ಶಹಜಹಾನ ಬಂದು ಮಾನನಷ್ಟ ದಾವೆ ಹಾಕ್ತಾನಾ?” ಎಂದಳು. ಅವರು ತಟ್ಟೆ ದೂರ ಸರಿಸಿ ಎದ್ದರು.

ಕಾರು ಬಂದಾಗ ಡ್ರೈವರ್ ಬನೇ ಸಿಂಗ್ ಮೆಲ್ಲಗೆ ಎಚ್ಚರಿಸಿದ: “ಒಳ್ಳೆಯವರು ಗುರೂ. ದಿಲ್ಲಿಯಿಂದ ಇಲ್ಲೀತನಕ ಮೂರು ಸಲ ಕೈಗೆ ಕ್ರಿಮಿ ಸಾಯೋ ಔಷಧಿ ಹಚ್ಕೊಂಡಿದ್ದಾರೆ, ನನ್ನ ಸ್ಟೀರಿಂಗ್‌ಗೂ ಹಚ್ಚೋಕೆ ಬಂದಿದ್ರು.” ಹಿಂದೆ ಕೂತಿದ್ದ ಹೆರ್ಟ್ ಎತ್ತರದ ಬೋಳುತಲೆಯವನು, ಹೆಂಡತಿ ಮಾರ್ಲೇನ್ ಕೊರಳಲ್ಲಿ ರುದ್ರಾಕ್ಷಿ ಸರ ಹಾಕಿಕೊಂಡು ಯಾರನ್ನು ಕಂಡರೂ ಕೈಮುಗಿಯುತ್ತಿದ್ದಳು. ಬನೇ ಸಿಂಗನಿಗೆ ಅವಳು ಬೆಳಿಗ್ಗೆಯಿಂದ ಹನ್ನೊಂದು ಸಲ ಮುಗಿದಿದ್ದಳಂತೆ.

ಕಾರು ಬಿಟ್ಟು ಬ್ಯಾಟರಿ ಗಾಡಿ ಹತ್ತಿ, ಸಾಲಿನಲ್ಲಿ ನಿಂತು ಒಳಗೆ ಹೋದರು. ಹೊಸದಾಗಿ ಏನೂ ಇರಲಿಲ್ಲ, ದಿನದ ಕೊಳಕೇ. ಶೂ ಮೇಲೆ ಹಾಕಿ ಬಿಸಾಡಿದ ಬಿಳಿ ಚೀಲಗಳು ಹುಲ್ಲಿನ ಮೇಲೆ ಸತ್ತ ಮೀನಿನಂತೆ ಬಿದ್ದಿದ್ದವು. ಕಲ್ಲು ಬೆಂಚಿನ ಮೇಲೆ ಹತ್ತಿ ನಿಂತವರೆಲ್ಲ ಗುಮ್ಮಟದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಹೇನು ಹಿಡಿದವರ ಹಾಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಉತ್ತರದ ಗೋಡೆಯ ಮೇಲೆ, ನದಿಯ ಚರಂಡಿ ನೀರಿನಲ್ಲಿ ಹುಟ್ಟಿದ ಹುಳುಗಳು ಹಸಿರು ಹಿಕ್ಕೆ ಹಾಕಿದ್ದವು. ಗೋರಿಯ ಕೋಣೆಯಲ್ಲಿ ನೂರು ಜನರ ಬೆವರು, ಬಾಯಿವಾಸನೆ. ಪ್ರತಿಧ್ವನಿ ಕೇಳಲು ಒಬ್ಬ ಊಳಿಟ್ಟ, ಕಾವಲಿನವನು ಸೀಟಿ ಊದಿದ, ಅದೂ ಪ್ರತಿಧ್ವನಿಸಿತು. ತ್ರಿಲೋಕಿ ಬಾಬು ಕಲ್ಲಿನ ಜಾತಿ ಹೇಳಿದರು, ಬಾಗಿಲ ಸುತ್ತಲಿನ ಅಕ್ಷರಗಳು ಮೇಲೆ ಹೋದಂತೆ ದೊಡ್ಡವಾಗುವ ಜಾಣ್ಮೆ ಹೇಳಿದರು. ಹೆರ್ಟ್ ಆಕಳಿಸಿದ.

ಹೊರಗೆ ಬಂದು ನೆರಳಿಗೆ ಕೂತರು. ಪಕ್ಕದಲ್ಲೇ ಇನ್ನೊಬ್ಬ ಗೈಡು, ಕಾಲೇಜು ಬಿಟ್ಟು ಎರಡು ವರ್ಷವಾಗದವನು, ತನ್ನ ಮಣಿಕಟ್ಟಿನ ಮೇಲೆ ಅಂಗೈಯಿಂದ ಗರಗಸ ಎಳೆಯುತ್ತಿದ್ದ. ಅವನ ಸುತ್ತಲಿನವರು ಉಸಿರು ಬಿಗಿಹಿಡಿದಿದ್ದರು. ಮಾರ್ಲೇನ್ ಅದನ್ನೇ ನೋಡಿ ಕೇಳಿದಳು, “ಅದು ನಿಜವಾ? ಕೈ ಕಡಿಸಿದ್ದು?”

ತ್ರಿಲೋಕಿ ಬಾಬು ಬಾಯಿ ತೆರೆದರು. ಇಲ್ಲ ಎಂಬ ಮಾತು ತುಟಿಯ ಹತ್ತಿರ ಇತ್ತು. ಹೆರ್ಟ್ ಗಡಿಯಾರ ನೋಡಿಕೊಂಡದ್ದು ಕಂಡಿತು. ಪಟ್ಟಿಯ ಮೇಲಿನ ತಮ್ಮ ಹೆಸರು ಕಂಡಿತು.

“ನಿಜ,” ಎಂದರು.

ಒಂದು ಸಲ ಹೊರಬಿದ್ದ ಮೇಲೆ ಅದು ಕಟ್ಟೆಯೊಡೆದ ಚರಂಡಿಯ ಹಾಗೆ ಹರಿಯಿತು. ಇಪ್ಪತ್ತೇಳು ವರ್ಷದ ಕಸುಬು ಪೂರ್ತಿ ಅದರ ಬೆನ್ನಿಗೆ ನಿಂತಿತು. ಮುಂಜಾವದ ಮಂಜು ಹೇಳಿದರು, ಸಾಲಾಗಿ ನಿಂತ ಕುಶಲಕರ್ಮಿಗಳನ್ನು ಹೇಳಿದರು, ಬಿಳಿ ಕಲ್ಲಿನ ಮೇಲೆ ಬಿದ್ದ ಕೆಂಪು ಹೇಳಿದರು. ಕೇಳುತ್ತ ಕೇಳುತ್ತ ಆಕೆಯ ಕಣ್ಣು ತುಂಬಿತು. “ಅವರಲ್ಲಿ ಯಾರದಾದರೂ ಹೆಸರು ಗೊತ್ತಾ?” ಎಂದಳು. ಹೆಸರು ಬೇಕಾಗುತ್ತದೆ ಎಂದು ಅವರು ಎಣಿಸಿರಲಿಲ್ಲ. ಕಲ್ಲು ಕೆತ್ತುವವನ ಹೆಸರು ಅಂದಕೂಡಲೇ ಅವರ ನಾಲಿಗೆಗೆ ಗೊತ್ತಿದ್ದುದು ಒಂದೇ.

“ಬುಂದೂ,” ಎಂದರು. “ಉಸ್ತಾದ್ ಬುಂದೂ.”

ಮಾರ್ಲೇನ್ ಅತ್ತಳು. ಹೆರ್ಟ್ ಆಕಳಿಕೆ ಬಿಟ್ಟು ಟೊಪ್ಪಿ ತೆಗೆದ. ತ್ರಿಲೋಕಿ ಬಾಬುವಿನ ಬಾಯಿ, ಬೇರೆ ಯಾರೋ ಉಗುಳಿದ್ದನ್ನು ನುಂಗಿದ ಹಾಗೆ ಕಹಿಯಾಯಿತು. ನೀರು ಮುಕ್ಕಳಿಸಿ ಬೇಲಿಯಾಚೆ ಉಗಿದರು. ಕಹಿ ಹೋಗಲಿಲ್ಲ.

ಕೋಟೆಗೆ ಮೊದಲು ಅಂಗಡಿ. ಅದು ಕಂಪನಿಯ ಕ್ರಮ. ಎಲ್ಲಾ ಕಾರುಗಳೂ ಹೋಗುವ ಅಂಗಡಿ. ಬಾಗಿಲಲ್ಲೇ ಒಂದು ಕಟ್ಟೆ, ಅದರ ಮೇಲೆ ಪಚ್ಚೀಕಾರಿಯವನೊಬ್ಬ ಚಕ್ರ ತಿರುಗಿಸುತ್ತ ಕೂತಿರುತ್ತಾನೆ, ಮೃಗಾಲಯದ ಪ್ರಾಣಿಯ ಹಾಗೆ. ಅಲ್ಲಿ ಕೂರುವವನು ಮುಸ್ತಕೀಮ್, ಬುಂದೂ ಉಸ್ತಾದರ ಮೊಮ್ಮಗ. ಇದು ತ್ರಿಲೋಕಿ ಬಾಬುವಿಗೆ ಗೊತ್ತಿಲ್ಲದ ಸಂಗತಿಯಲ್ಲ. ದಿನಾ ನೋಡುವ ಮುಖ. ಹೆಸರು ಹೇಳುವಾಗ ಮಾತ್ರ ಆ ಮುಖ ನೆನಪಿಗೆ ಬಂದಿರಲಿಲ್ಲ.

ಕಾರಿನಿಂದ ಇಳಿದವಳೇ ಮಾರ್ಲೇನ್ ಅವನ ಮುಂದೆ ಮೊಣಕಾಲೂರಿದಳು. “ರಾಜ ಕೈ ಕಡಿಸಿದ ಉಸ್ತಾದ್ ಬುಂದೂ ನಿಮಗೆ ಗೊತ್ತಾ? ನಮ್ಮ ಗೈಡ್ ಹೇಳಿದರು” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮುಸ್ತಕೀಮನಿಗೆ ಅರ್ಥವಾದದ್ದು ಹೆಸರು ಮಾತ್ರ. ಮುಖ ಅರಳಿತು. “ನಮ್ಮಜ್ಜ,” ಎಂದ.

ಅಂಗಡಿಯ ಸೇಠ್ ಹಿಂದೆಯೇ ನಿಂತಿದ್ದ. ವ್ಯಾಪಾರದ ಮೂಗು ಅವನದು, ಅರೆಗಳಿಗೆಯೂ ತಡಮಾಡಲಿಲ್ಲ. “ಹೌದು ಮೇಡಂ, ಬುಂದೂ ವಂಶ. ಈಗ ಉಳಿದವನು ಇವನೊಬ್ಬನೇ,” ಎಂದು ಇಂಗ್ಲಿಷಿನಲ್ಲಿ ಪೋಣಿಸಿಬಿಟ್ಟ.

ಮಾರ್ಲೇನ್ ಮುಸ್ತಕೀಮನ ಎರಡೂ ಕೈ ಹಿಡಿದು ತಿರುಗಿಸಿದಳು. ಅವನ ಬೆರಳ ತುದಿಗಳು ಸವೆದು ನುಣುಪಾಗಿದ್ದವು. ಎರಡು ಬೆರಳಿಗೆ ಉಗುರೇ ಇರಲಿಲ್ಲ. ಅಕ್ಕಿಕಾಳಿನಷ್ಟು ಕಲ್ಲನ್ನು ಬರಿಗೈಯಲ್ಲಿ ಹಿಡಿದು ಚಕ್ರಕ್ಕೊತ್ತುವಾಗ ಕಲ್ಲಿನ ಜೊತೆ ಬೆರಳೂ ಸವೆಯುತ್ತದೆ, ಪುಡಿ ಎದೆಗಿಳಿಯುತ್ತದೆ. ಅವಳು ಆ ಬೆರಳುಗಳನ್ನು ಕೆನ್ನೆಗೊತ್ತಿಕೊಂಡು ಬಿಕ್ಕಿದಳು. ಹೆರ್ಟ್ ಫೋಟೋ ತೆಗೆದ. ಮುಸ್ತಕೀಮ್ ಕೈ ಎಳೆದುಕೊಳ್ಳಲೂ ಆಗದೆ, ಬಿಡಲೂ ಆಗದೆ, ಕೆಮ್ಮು ತಡೆದುಕೊಂಡು ಕೂತ.

“ಏನಂತೆ ಬಾಬೂಜಿ? ಯಾಕಳ್ತಾರೆ?”

ತ್ರಿಲೋಕಿ ಬಾಬು ಚಕ್ರದ ಕಡೆ ನೋಡಿದರು. ಸೇಠ್ ಹೇಳಿದ: “ನಿಮ್ಮಜ್ಜನ ಕೈ ಕಡಿಸಿದ್ನಂತೆ ಕಣೋ ಬಾದಶಹ. ಬಾಬೂಜಿ ಹೇಳಿದ್ದಾರೆ. ನೀನು ಸುಮ್ನೆ ತಲೆ ತಗ್ಗಿಸಿ ಕೂತ್ಕೋ.”

ಮುಸ್ತಕೀಮ್ ತಲೆ ತಗ್ಗಿಸಲಿಲ್ಲ. ತ್ರಿಲೋಕಿ ಬಾಬುವನ್ನೇ ನೋಡಿದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ನಮ್ಮಜ್ಜ ಹೋಗಿದ್ದು ತೊಂಬತ್ತೊಂದನೇ ಇಸವಿ. ಎರಡೂ ಕೈ ಇದ್ವು. ಮಣ್ಣಿಗೆ ನೀವೂ ಬಂದಿದ್ರಲ್ಲ ಬಾಬೂಜಿ.”

ಒಳಗೆ ಮಾರ್ಲೇನ್ ಅವತ್ತು ಹೂಬಳ್ಳಿಯ ದೊಡ್ಡ ಮೇಜೊಂದನ್ನು ಕೊಂಡಳು. ಸೇಠ್ ತ್ರಿಲೋಕಿ ಬಾಬುವಿನ ಬೆನ್ನು ತಟ್ಟಿ, “ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?” ಎಂದ. ಆ ಕೈ ಬೆನ್ನಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಅಂಟಿತು.

ಕೋಟೆಯ ದಾರಿಯಲ್ಲಿ ಅವರಿಗೆ ತಡೆಯಲಾಗಲಿಲ್ಲ. ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದರು.

“ಮೇಡಂ, ನಾನು ಹೇಳಿದ್ದು ಸುಳ್ಳು. ಯಾರ ಕೈಯನ್ನಾದರೂ ಕಡಿಸಿದ್ದಕ್ಕೆ ಪುರಾವೆಯಿಲ್ಲ. ಬುಂದೂ ನಮ್ಮ ಪಕ್ಕದ ಮನೆಯವರು, ಸತ್ತದ್ದು ನನ್ನ ಕಣ್ಣೆದುರಿಗೆ. ಆ ಮೊಮ್ಮಗನ ಬೆರಳು ತಿಂದದ್ದು ಆ ಚಕ್ರ, ನೀವು ಕೊಂಡ ಮೇಜಿನಂಥ ಮೇಜುಗಳು.”

ಬನೇ ಸಿಂಗ್ ಹಾರ್ನ್ ಹೊಡೆಯುವುದನ್ನೂ ಮರೆತ. ಮಾರ್ಲೇನ್ ಮುಂದೆ ಬಾಗಿ ಅವರ ಭುಜ ಹಿಡಿದಳು. ಅವಳ ಕಣ್ಣಲ್ಲಿ ಮತ್ತೆ ನೀರು.

“ನನಗೆ ಅರ್ಥವಾಗುತ್ತೆ,” ಎಂದಳು ಮೆಲ್ಲಗೆ. “ಇದನ್ನೆಲ್ಲ ಹೇಳೋಕೆ ನಿಮಗೆ ಅನುಮತಿ ಇಲ್ಲ ಅಲ್ವಾ? ಹೆದರಬೇಡಿ. ನಾವು ಯಾರಿಗೂ ಹೇಳಲ್ಲ.”

“ಹಾಗಲ್ಲ ಮೇಡಂ...”

“ಸಾಕು, ಸಾಕು. ನಿಮ್ಮ ನೋವು ಕಾಣುತ್ತೆ.” ಹೆರ್ಟ್ ಕೂಡ ಗಂಭೀರವಾಗಿ ತಲೆಯಾಡಿಸಿ, ಡ್ರೈವರಿನ ಕಡೆ ಒಂದು ಅನುಮಾನದ ನೋಟ ಎಸೆದ, ಬನೇ ಸಿಂಗ್ ಗುಪ್ತಚರನೇನೋ ಎಂಬಂತೆ.

ಕೋಟೆಯನ್ನು ಅವರು ಹೇಗೆ ತೋರಿಸಿದರೋ ಅವರಿಗೇ ನೆನಪಿಲ್ಲ. ಗಿರಾಕಿಗಳು ಕೊನೆಯ ಫೋಟೋ ತೆಗೆಯುತ್ತಿದ್ದಾಗ ಮಾಥುರನ ಫೋನು ಬಂತು. ದನಿ ಜೇನು ಸುರಿಯುತ್ತಿತ್ತು.

“ಬಾಬೂಜಿ, ಪಾದ ಎಲ್ಲಿದೆ ಹೇಳಿ, ಮುಟ್ಟಿ ಬರ್ತೀನಿ. ಕೂತಲ್ಲೇ ಬರೆದು ಹಾಕಿದ್ದಾರೆ ಅವರು. ಐದಕ್ಕೆ ಐದು. ‘ಹೇಳಿದ ಸತ್ಯಕ್ಕೆ ತಾವೇ ಹೆದರಿ, ಅದನ್ನು ಹಿಂದೆ ತೆಗೆದುಕೊಳ್ಳಲು ಯತ್ನಿಸಿದ ವೃದ್ಧರ ಮುಖ ಮರೆಯಲಾರೆವು’ ಅಂತೆ. ಏನ್ ತಲೆ ಸ್ವಾಮಿ ನಿಮ್ದು. ನಾಳೆ ಎರಡು ಕಾರು ನಿಮಗೇ. ಇದೇ ಥರ ಮಾಡಿ. ಮೊದ್ಲು ಹೇಳಿ, ಅಳಿಸಿ, ಆಮೇಲೆ ಕಾರಲ್ಲಿ ಅದು ಸುಳ್ಳು ಅಂತ ಹೇಳಿ. ಹೆದರಿದ ಹಾಗೆ.”

ತ್ರಿಲೋಕಿ ಬಾಬುವಿಗೆ ನಿಜವಾಗಿ ವಾಂತಿ ಬಂತು. ಕೆಂಪು ಗೋಡೆ ಹಿಡಿದು ಬಗ್ಗಿದರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಬರೀ ಹಳದಿ ನೀರು. ಫೋನಿನಲ್ಲಿ ಮಾಥುರ್ “ಹಲೋ, ಹಲೋ” ಅನ್ನುತ್ತಲೇ ಇದ್ದ. ಬಾಯಿ ಒರೆಸಿಕೊಂಡು ಹೇಳಿದರು, “ನನ್ನ ಹೆಸರು ಹೊಡೆದು ಹಾಕು.”

“ತಮಾಷೆ ಮಾಡ್ಬೇಡಿ.”

“ಹೊಡೆದು ಹಾಕು ಮಾಥುರ್. ಸುಳ್ಳು ಹೇಳಿದ್ದೂ ಆಯ್ತು. ನಿಜವನ್ನೂ ನಿಮ್ಮಂಗಡಿಯಲ್ಲಿ ಮಾರೋಕೆ ಇಡಲ್ಲ ನಾನು.”

ಈಗ ಅವರು ನದಿಯಾಚೆ, ಎತ್ಮಾದುದ್ದೌಲನ ಗೋರಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಕಾರುಗಳು ಅಲ್ಲಿಗೆ ಕಡಿಮೆ. ಬಂದ ಕೆಲವರು ಕಲ್ಲಿನ ಜಾತಿ ಕೇಳುತ್ತಾರೆ, ಅವರು ಹೇಳುತ್ತಾರೆ. ವಿಮಲೇಶ್ ಮೂರು ವಾರ ಮಾತು ಬಿಟ್ಟಿದ್ದಳು. ಈಗ ಬೈಯುವಷ್ಟು ಸುಧಾರಿಸಿದ್ದಾಳೆ. ಬಾಯಿ ಶುದ್ಧವಾಯಿತು ಎಂದು ಅವರಿಗೂ ಒಂದೆರಡು ದಿನ ಅನಿಸಿತ್ತು.

ಒಂದು ಮಧ್ಯಾಹ್ನ ಮುಸ್ತಕೀಮನ ಕ್ಷಮೆ ಕೇಳಲು ಅಂಗಡಿಯ ಹತ್ತಿರ ಹೋದರು. ಅವನು ಹೊರಗಿನ ಟೀ ಗಾಡಿಯ ಬಳಿ ನಿಂತಿದ್ದ. ಕಟ್ಟೆಯ ಮೇಲೆ ದೊಡ್ಡ ಬೋರ್ಡು ಬಂದಿತ್ತು: ಉಸ್ತಾದ್ ಬುಂದೂ ವಂಶಸ್ಥರು.

“ಎಲ್ಲಾ ಗೈಡುಗಳೂ ಅಜ್ಜನ ಕಥೆ ಹೇಳ್ತಾರೆ ಬಾಬೂಜಿ ಈಗ,” ಎಂದ ಮುಸ್ತಕೀಮ್. “ದಿನಾ ಮೂವತ್ತು ಜನ ನನ್ನ ಬೆರಳು ಹಿಡಿದು ಅಳ್ತಾರೆ. ಚಕ್ರ ತಿರುಗಿಸೋಕೂ ಪುರಸೊತ್ತಿಲ್ಲ. ಸೇಠ್ ಹೇಳ್ತಾನೆ, ಉಗುರು ಬೆಳೆಯೋಕೆ ಬಿಡಬೇಡ ಅಂತ.”

“ನಾನು ಆ ಕೆಲಸ ಬಿಟ್ಟೆ ಮುಸ್ತಕೀಮ್.”

“ಕೇಳ್ದೆ. ಒಳ್ಳೇದು ಮಾಡಿದ್ರಿ.” ಟೀ ಲೋಟವನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡು, ಒಂದು ಗುಟುಕು ಕುಡಿದ. “ನೀವು ಬಿಟ್ರಿ. ನಾನು ಈ ಕೈಯಿಲ್ಲದ ಅಜ್ಜನನ್ನ ಎಲ್ಲಿ ಬಿಡ್ಲಿ?”

ಅಷ್ಟರಲ್ಲಿ ಒಂದು ಬಿಳಿ ಕಾರು ಗೇಟಿನೊಳಗೆ ತಿರುಗಿತು, ಸೇಠ್ ಬಾಗಿಲಲ್ಲಿ ಚಪ್ಪಾಳೆ ತಟ್ಟಿದ. ಮುಸ್ತಕೀಮ್ ಅರ್ಧ ಟೀ ಅಲ್ಲೇ ಇಟ್ಟು, ಕೈಗಳನ್ನು ಪೈಜಾಮಕ್ಕೆ ಒರೆಸಿಕೊಳ್ಳುತ್ತ ಒಳಗೆ ಓಡಿದ.