ಇವರ ಪಾಲಿನ ನೀರು

ಮೊದಲು ಚಪ್ಪಲಿ ಹಿಡಿಸಲಿಲ್ಲ.

ಸೀತಾಫಲದ ಕಾಲ. ನಮ್ಮ ಮನೆಯವರು, ನಂಜಪ್ಪ, ಹಣ್ಣಿನ ಮಂಕರಿ ಹೊತ್ತು ಬೆಟ್ಟ ಇಳಿಯಲು ಹೊರಟವರು ಬಾಗಿಲಲ್ಲೇ ನಿಂತು ಕಾಲು ನೋಡಿಕೊಳ್ಳುತ್ತಿದ್ದರು. ಪಾದ ಊದಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. "ನಡೆದೂ ನಡೆದೂ ಹಿಂಗಾಗೈತೆ ಬುಡು" ಎಂದು ಬರಿಗಾಲಲ್ಲೇ ಹೋದರು. ಹಣ್ಣು ಮುಗಿಯುವುದರೊಳಗೆ ಮುಖವೂ ಊದಿತು. ಅನ್ನ ಕಂಡರೆ ವಾಕರಿಕೆ. ಕುಣಿಗಲ್ಲಿನಲ್ಲಿ ರಕ್ತ ತೆಗೆದರು, ತುಮಕೂರಿಗೆ ಕಳಿಸಿದರು, ಅಲ್ಲಿ ಸ್ಕ್ಯಾನ್ ಮಾಡಿದರು.

ಎರಡೂ ಕಿಡ್ನಿ ಫೇಲ್.

ವಾರಕ್ಕೆ ಮೂರು ಸಲ ಕುಣಿಗಲ್ಲಿನಲ್ಲಿ ಡಯಾಲಿಸಿಸ್ ಎಂದು ಬರೆದುಕೊಟ್ಟರು. ಬರೆದ ಡಾಕ್ಟರಿಗೆ ನಮ್ಮ ದೊಣೆಪಾಳ್ಯ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಕೆಳಗಿನ ಜನಕ್ಕೆ ನಮ್ಮೂರು ನೆನಪಾಗುವುದು ಸೀತಾಫಲ ಬಂದಾಗ ಮತ್ತು ಓಟು ಬಂದಾಗ. ಬಸ್ಸು ಬೆಟ್ಟದ ಬುಡಕ್ಕೆ ನಿಲ್ಲುತ್ತದೆ. ಬೈಕು ಅರ್ಧ ದಾರಿಗೆ ನಿಲ್ಲುತ್ತದೆ. ಆಮೇಲೆ ಬಂಡೆಯ ಮೇಲೆ ಕಾಲುದಾರಿ, ದಾರಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಮನೆ, ಎಲ್ಲಕ್ಕಿಂತ ಮೇಲೆ ನಮ್ಮದು. ಕುಡಿಯುವ ನೀರು ದೊಣೆಯದು, ಅಂದರೆ ಬಂಡೆಯ ಬಿರುಕಿನಲ್ಲಿ ಮಳೆನೀರು ನಿಂತ ಹೊಂಡದ್ದು. ಬೇಸಿಗೆಯಲ್ಲಿ ಅದನ್ನು ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಸಬೇಕು.

ಡಯಾಲಿಸಿಸ್ ನೋಡಿಕೊಳ್ಳುವ ಮೇಡಂ ಮೊದಲ ದಿನವೇ ಹೇಳಿದ್ದರು. "ದಿನಕ್ಕೆ ಮುಕ್ಕಾಲು ಲೀಟರ್. ಸಾರು, ಮಜ್ಜಿಗೆ, ಮಾತ್ರೆಯ ನೀರು ಎಲ್ಲಾ ಸೇರಿ. ಒಳಗೆ ಹೋದ ನೀರು ಹೊರಗೆ ಬರಲ್ಲಮ್ಮ, ತಿಳೀತಾ?"

ನಾನು ಬಾಟಲಿಗೆ ಗೆರೆ ಎಳೆದೆ. ಗೆರೆ ದಾಟಲು ಬಿಡಲಿಲ್ಲ. ಇವರು ಮಗುವಿನ ಹಾಗೆ ಬಾಟಲಿ ನೋಡುತ್ತಿದ್ದರೆ ಮುಖ ತಿರುಗಿಸಿ ಒಲೆ ಊದಿದೆ. ಆದರೂ ಪ್ರತಿ ಸಲ ತೂಕದ ಮೆಷಿನ್ ಮೇಲೆ ನಿಲ್ಲಿಸಿದರೆ ಮೂರು ಕೆಜಿ ಜಾಸ್ತಿ, ನಾಲ್ಕು ಕೆಜಿ ಜಾಸ್ತಿ. ಮೇಡಂ ನನ್ನನ್ನೇ ನೋಡುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇನು ಕದ್ದು ಕುಡಿಸುತ್ತಿದ್ದೇನೆಯೆ?

ನಾನು ಕೂತಲ್ಲಿ ಕೂರುವವಳಲ್ಲ. ವಾರ್ಡಿನಲ್ಲಿ ಇವರ ರಕ್ತ ಪೈಪಿನಲ್ಲಿ ಸುತ್ತುತ್ತಿದ್ದರೆ ನಾನು ಕಾರಿಡಾರಿನಲ್ಲಿ ಸುತ್ತುತ್ತಿದ್ದೆ. ಮೆಷಿನ್ ಕೂಗಿದರೆ ಒಳಗೆ ಓಡುವುದು, ನಿಂತರೆ ಹೊರಗೆ ಬರುವುದು. ಮನೆಯಲ್ಲಿ ಕಟ್ಟಿಹಾಕಿದ ಮೇಕೆಗಳ ಚಿಂತೆ, ತಪ್ಪಿಹೋಗುವ ಬಸ್ಸಿನ ಚಿಂತೆ. ಬೆಟ್ಟದ ಬುಡದಲ್ಲಿ ಇಳಿದ ಕೂಡಲೇ, "ನೀವು ನಿಧಾನಕ್ ಬನ್ನಿ" ಎಂದು ನಾನು ಮುಂದೆ ಓಡುತ್ತಿದ್ದೆ. ಇವರು ಹಿಂದಿನಿಂದ ಒಂದೊಂದು ಮನೆಯ ಜಗುಲಿಯಲ್ಲಿ ಕೂತು ಸುಧಾರಿಸಿಕೊಂಡು ಬರುತ್ತಿದ್ದರು. ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಇವರಿಗೆ ಮಲಗಲು ಆಗಲಿಲ್ಲ, ಕೂರಲು ಆಗಲಿಲ್ಲ. ಉಸಿರು ಕೊರಕೊರ ಎನ್ನುತ್ತಿತ್ತು. ತುಟಿ ನೀಲಿ. ಊರಿನವರು ಕುರ್ಚಿಗೆ ಬಿದಿರು ಕಟ್ಟಿ ಹೊತ್ತುಕೊಂಡು ಇಳಿದರು. ನಾನು ಮುಂದೆಯೂ ಓಡಿದೆ, ಹಿಂದೆಯೂ ಓಡಿದೆ, ಏನು ಮಾಡಿದೆನೋ ನೆನಪಿಲ್ಲ. ಬುಡದಲ್ಲಿ ಆಂಬುಲೆನ್ಸ್ ಇತ್ತು. ತುಮಕೂರಿನಲ್ಲಿ ನೇರ ಐಸಿಯು.

"ಲಂಗ್ಸ್‌ನಲ್ಲಿ ನೀರು ತುಂಬಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು" ಎಂದರು ಡಾಕ್ಟರು.

ದೊಣೆ ಬತ್ತುವ ಊರಿನವರು ನೀರಿನಿಂದ ಸಾಯುವುದರಲ್ಲಿದ್ದರು.

ವಾರ್ಡಿಗೆ ಬಂದ ಮೇಲೆ, ಅಷ್ಟು ನೀರು ಎಲ್ಲಿ ಕುಡಿದಿರಿ ಎಂದು ಕೇಳಿದೆ. ಗೋಡೆ ಕಡೆ ತಿರುಗಿಕೊಂಡು ಹೇಳಿದರು.

"ಒಂದೊಂದ್ ಮನೇಲಿ ಒಂದೊಂದ್ ಲೋಟ ಅಷ್ಟೆ ಕಣೆ."

"ಬೇಡ ಅನ್ನಕ್ಕೆ ಬಾಯಿರ್ಲಿಲ್ವಾ ನಿಮ್ಗೆ?"

"ಯಾವ್ ಮನೇಲಿ ಬೇಡ ಅನ್ಲಿ? ನೀನೇ ಹೇಳು."

ನಮ್ಮೂರಿನ ಪದ್ಧತಿ ಅದು. ಬೆಟ್ಟ ಹತ್ತಿ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಅಪರಿಚಿತರಾದರೂ ಸರಿ, ಕೆಳಗೆ ಹೋಗಿ ಬಂದ ನಮ್ಮೂರ ಗಂಡಸಾದರೂ ಸರಿ. ಬಿಂದಿಗೆಯಲ್ಲಿ ತಳ ಕಾಣುತ್ತಿದ್ದರೂ ಒಂದು ಲೋಟ ಬರುತ್ತದೆ. ಜಗಳ ಆದ ಮನೆಯಲ್ಲಿ ಮಾತ್ರ ನೀರು ಮುಟ್ಟುವುದಿಲ್ಲ. 'ಅವರಿಗೂ ಇವರಿಗೂ ನೀರು ಬಿಟ್ಟೋಗಿದೆ' ಎಂದರೆ ಸಂಬಂಧ ಮುಗಿಯಿತು ಎಂದರ್ಥ. ಕಾಯಿಲೆ ಬಿದ್ದ ಮನುಷ್ಯ ಇರುವ ನಾಲ್ಕು ಮನೆಯನ್ನೂ ಹೇಗೆ ಬಿಡುತ್ತಾನೆ? ನಾನು ಮಾರ್ಕೋನಹಳ್ಳಿ ಕಡೆಯವಳು, ಕಾಲುವೆ ಪಕ್ಕದಲ್ಲಿ ಬೆಳೆದವಳು. ಒಂದು ಲೋಟ ನೀರಿಗೆ ಇಷ್ಟು ತೂಕವಿದೆ ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ತಲೆಗೆ ಹತ್ತಿರಲಿಲ್ಲ.

ಆದರೂ ಸಿಟ್ಟು ಇಳಿಯಲಿಲ್ಲ. ಬಟ್ಟೆ ತರಲು ಊರಿಗೆ ಬಂದವಳು ಪ್ರತಿ ಬಾಗಿಲಲ್ಲೂ ನಿಂತು ಹೇಳಿದೆ. "ಇವ್ರಿಗೆ ನೀರ್ ಕೊಡ್ಬ್ಯಾಡಿ. ನೀವ್ ಕೊಡೋ ನೀರೇ ಇವ್ರನ್ನ ತಿಂತೈತೆ."

ಡಿಸ್ಚಾರ್ಜ್ ಆಗಿ ಬಂದ ದಿನ ನಾನು ಮುಂದೆ ಓಡಲಿಲ್ಲ. ಇವರ ಹಿಂದೆಯೇ ಬ್ಯಾಗು ಹಿಡಿದು ಹತ್ತಿದೆ. ಮೊದಲ ಮನೆ ಬಾಗಿಲು ಹಾಕಿತ್ತು. ಒಳಗೆ ಪಾತ್ರೆ ಸದ್ದು. ಎರಡನೆಯ ಮನೆಯಲ್ಲಿ ನಾವು ಹತ್ತಿರ ಬರುತ್ತಿದ್ದಂತೆ ಬಾಗಿಲು ಮುಚ್ಚಿಕೊಂಡಿತು. ನಮ್ಮ ಕಡೆ ಹೆಣ ಹೋಗುವಾಗ ಹೀಗೆ ಬಾಗಿಲು ಹಾಕುತ್ತಾರೆ.

ಇವರಿಗೂ ಅದೇ ಹೊಳೆದಿತ್ತು. ಬಂಡೆಯ ಮೇಲೆ ಕೂತುಬಿಟ್ಟರು.

"ಇನ್ ಡಯಾಲಿಸಿಸ್‌ಗೆ ಬರಾಕಿಲ್ಲ ಕಣೆ ನಾನು. ಹೆಣ ಆದ್ಮೇಲೆ ಇನ್ಯಾಕೆ?"

ಇವರು ಒಂದು ಮಾತು ಆಡಿದರೆ ಆಡಿದ ಹಾಗೆ. ಗೋಗರೆದೆ, ಬೈದೆ, ಏಳಿ ಎಂದು ತೋಳು ಎಳೆದೆ. ಏಳಲಿಲ್ಲ.

ಆಗ ಎರಡನೆಯ ಮನೆಯ ಬಾಗಿಲು ತೆರೆಯಿತು. ಇವರ ದೊಡ್ಡವ್ವ, ಊರಿಗೆಲ್ಲ ಹಿರಿಯಳು, ಕೈಯಲ್ಲಿ ಲೋಟ ಹಿಡಿದು ಬಂದಳು. ಕಣ್ಣು ಕೆಂಪಗಿತ್ತು.

"ನಿನ್ ಕಂಡೂ ನೀರ್ ಕೊಡ್ದೆ ಹೆಂಗ್ ನಿಂತ್ಕಳನಪ್ಪ? ಕಣ್ಗೆ ಬೀಳ್ದಿದ್ರೆ ಪಾಪ ಇಲ್ಲ ಅಂತ ಬಾಗ್ಲು ಹಾಕ್ಕಂಡ್ವಿ. ಒಳ್ಗೂ ಇರಕ್ಕಾಗ್ಲಿಲ್ಲ" ಎಂದಳು. ಆಮೇಲೆ ಲೋಟವನ್ನು ನನ್ನ ಕಡೆ ಚಾಚಿದಳು. "ಜಯ, ಅವನ್ ಪಾಲಿಂದು ನೀನ್ ಕುಡಿ ಮಗ."

ಮದುವೆಯಾಗಿ ಬಂದ ದಿನ ಬಿಟ್ಟರೆ ಈ ದಾರಿಯಲ್ಲಿ ನನಗೆ ಯಾರೂ ನೀರು ಕೊಟ್ಟಿರಲಿಲ್ಲ. ಬಿಂದಿಗೆ ಹೊತ್ತು ದಿನವೂ ಹತ್ತಿಳಿಯುವ ಹೆಂಗಸರು ಬೆಟ್ಟ ಹತ್ತಿ ಬಂದವರ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಗು ಕೆಳಗಿಟ್ಟು ಕುಡಿದೆ. ಅಳು ಬಂತು, ಅದರ ಜೊತೆಗೇ ನೀರು ಇಳಿಯಿತು. ಇವರು ನನ್ನ ಗಂಟಲನ್ನೇ ನೋಡುತ್ತಿದ್ದರು. ಮೂರನೆಯ ಮನೆಯವರು ಆಗಲೇ ಬಾಗಿಲು ತೆಗೆದು ಲೋಟ ಹಿಡಿದು ನಿಂತಿದ್ದರು. ಇವರು ಎದ್ದರು.

ಈಗ ತೂಕ ಎರಡು ಕೆಜಿ ಒಳಗೇ ಇರುತ್ತದೆ. ಮೇಡಂ ಗುಡ್ ಎನ್ನುತ್ತಾರೆ. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಎಷ್ಟು ದಿನ ಎಂದು ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಮನೆ ಮುಟ್ಟುವಷ್ಟರಲ್ಲಿ ನನ್ನ ಹೊಟ್ಟೆ ತುಳುಕುತ್ತಿರುತ್ತದೆ. ಓಡುವುದಂತೂ ನಿಂತೇಹೋಗಿದೆ. ಮೇಕೆಗಳು ಮೇಲೆ ಅರಚುತ್ತಿದ್ದರೂ ಪ್ರತಿ ಬಾಗಿಲಲ್ಲಿ ನಿಲ್ಲಬೇಕು. ನಿಂತವಳಿಗೆ ಒಳಗೇ ಚಡಪಡಿಕೆ. ಆದರೂ ಈ ಬಾಗಿಲುಗಳು ತೆರೆದಿರುವವರೆಗೆ ಇವರು ಬಸ್ಸು ಹತ್ತುತ್ತಾರೆ. ನನಗೆ ಅಷ್ಟು ಸಾಕು.

ಕೊನೆಯ ಮನೆಯಲ್ಲಿ ನಾನು ಲೋಟ ಇಳಿಸಿದ ಮೇಲೆ ಇವರು ಪ್ರತಿ ಸಲ ಒಂದೇ ಮಾತು ಕೇಳುತ್ತಾರೆ.

"ತಣ್ಣಗಿತ್ತಾ?"

ಮೊದಮೊದಲು, ಇಲ್ಲ, ಬಿಸಿಲಿಗೆ ಕಾದಿತ್ತು ಎನ್ನುತ್ತಿದ್ದೆ. ಇವರು ನಂಬುತ್ತಿರಲಿಲ್ಲ.

"ಇತ್ತು, ತಣ್ಣಗಿತ್ತು" ಎನ್ನುತ್ತೇನೆ ಈಗ. ಇವರು ಒಣ ತುಟಿ ಸವರಿಕೊಂಡು, ನನ್ನ ಹೆಗಲು ಹಿಡಿದು ಏಳುತ್ತಾರೆ.