ಕೈ ಅಲ್ಲಾಡಿಸದೆ ಕುಳಿತ ರಾತ್ರಿ

ನಾಲ್ಕೇ ತಾಸು ಮಲಗುವವನು ನಾನು ಎಂದು ಬಹಳ ವರ್ಷ ಪದವಿಯಂತೆ ಹೇಳಿಕೊಂಡು ತಿರುಗಿದೆ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನಿಗೆ ಬೇರೆ ಪದವಿ ಎಲ್ಲಿಯದು? ಲಕಮನಹಳ್ಳಿಯ ಶೆಡ್ಡಿನಲ್ಲಿ ಏರ್ ಕಂಪ್ರೆಸರ್ ರಿಪೇರಿ ನನ್ನ ಕೆಲಸ. ಸಂಜೆ ಬಂದ ಯಂತ್ರವನ್ನು ಬೆಳಗಾಗುವುದರೊಳಗೆ ಕೊಟ್ಟರೇ ನನಗೆ ಸಮಾಧಾನ.

ತಲೆ ಭಾರವೆಂದು ಕೇಶ್ವಾಪುರದ ಡಾಕ್ಟರಮ್ಮನ ಬಳಿ ಹೋದೆ. ಬಿಪಿ ಏರಿತ್ತು.

"ನಿದ್ದಿ ಎಷ್ಟ್ ತಾಸ್ರಿ?"

"ನಾಕ ತಾಸ್ ಸಾಕ್ರಿ ನಮಗ," ಎಂದು ಎದೆಯುಬ್ಬಿಸಿ ಶಾಬಾಸ್‌ಗಿರಿಗೆ ಕಾದೆ. ಅವರು ಅದನ್ನು ಬೀಡಿ, ತಂಬಾಕು ಬರೆದುಕೊಳ್ಳುವ ಸಾಲಿನಲ್ಲೇ ಬರೆದುಕೊಂಡರು.

ಮರುದಿನ ತೋಳಿಗೆ ಪಟ್ಟಿ, ಸೊಂಟಕ್ಕೆ ಡಬ್ಬಿ ಕಟ್ಟಿದರು. ಹಗಲೂ ರಾತ್ರಿ ಆಗಾಗ ತಾನೇ ಉಬ್ಬಿ ಬಿಪಿ ಬರೆದಿಡುವ ಯಂತ್ರವದು. ಅದರ ಮೇಲೆ ಗುಳಿಗೆ ಎಷ್ಟೆಂಬ ತೀರ್ಮಾನ. "ಪಟ್ಟಿ ಉಬ್ಬಿದಾಗ ಕೈ ಅಳ್ಳಾಡಿಸಬ್ಯಾಡ್ರಿ," ಎಂದರು ನರ್ಸ್. ನಿದ್ದೆಯಲ್ಲಿ ಕೈ ಅಲ್ಲಾಡಿಬಿಟ್ಟರೆ? ಒಪ್ಪಿಕೊಂಡ ಕೆಲಸ ಕೆಡಿಸುವ ಜಾತಿಯವನಲ್ಲ ನಾನು. ಬೆಳತನಕ ಗೋಡೆಗೊರಗಿ ಕುಳಿತೆ.

"ದೆವ್ವದಂಗ ಯಾಕ ಕುಂತೀರಿ?" ಎಂದಳು ಹೆಂಡತಿ.

"ಸುಮ್ನಿರ, ಪರೀಕ್ಷಾ ನಡದೈತಿ."

"ಸಾಲ್ಯಾಗ ಹಿಂಗ ಕುಂತಿದ್ರ ಕಲೆಕ್ಟರ್ ಆಗತಿದ್ರಿ."

ವರದಿ ನೋಡಿದ ಡಾಕ್ಟರಮ್ಮ, "ರಾತ್ರಿ ಇಳದೇ ಇಲ್ಲಲ್ರಿ! ಮಲಗಿದ್ರೋ ಇಲ್ಲೋ?" ಎಂದರು.

"ಕಣ್ಣ ಮುಚ್ಚಿಲ್ರಿ! ಒಂದ್ ಸಲಾನೂ ಕೈ ಅಳ್ಳಾಡಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ನಿದ್ದ್ಯಾಗ ಬಿಪಿ ಇಳಿಬೇಕ್ರಿ. ರಕ್ತನಾಳಕ್ಕ, ಹೃದಯಕ್ಕ ಅದ ವಿಶ್ರಾಂತಿ. ಅದು ಸಿಗದಿದ್ರ ನಾಳ ಬಿರುಸಾಗ್ತಾವು, ಹೃದಯದ ಗ್ವಾಡಿ ದಪ್ಪಾಗತೈತಿ. ಹದಿನೈದು ದಿನ ಛಲೋತ್ನಾಗಿ ಮಲಗ್ರಿ. ಆಮ್ಯಾಲೆ ಮತ್ತ ಕಟ್ಟೋಣು."

ಬಿಡುವಿಲ್ಲದೆ ಓಡಿಸಿ ಕಂಪ್ರೆಸರ್ ಸುಟ್ಟುಕೊಂಡು ಬಂದ ಎಷ್ಟು ಗಿರಾಕಿಗಳಿಗೆ ನಾನು ಬೈದಿದ್ದೇನೋ!

ಅಂದಿನಿಂದ ಎಂಟಕ್ಕೆ ಶಟರ್ ಎಳೆದೆ. ಹಳೆಯ ಗಿರಾಕಿಯೊಬ್ಬ ಮುಂಜಾನೆಗೇ ಬೇಕೆಂದಾಗ "ನಾಡಿದ್ದ ಬಾ" ಎಂದೆ. "ಕಾಕಾಗ ವಯಸ್ಸಾತು," ಎಂದು ನಗುತ್ತ ಯಂತ್ರ ಹೊತ್ತುಕೊಂಡು ಬೇರೆ ಕಡೆ ಹೋದ. ಬಿಪಿಯ ಡಬ್ಬಿ ಆಗ ಸೊಂಟದಲ್ಲಿ ಇರಲಿಲ್ಲ, ಪುಣ್ಯ.

ಎರಡನೆಯ ವರದಿಯಲ್ಲಿ ರಾತ್ರಿಯ ಬಿಪಿ ಗೆರೆ ಇಳಿದಿತ್ತು. ಸಾಕಷ್ಟಲ್ಲ, ಆದರೂ ಇಳಿದಿತ್ತು. ಗುಳಿಗೆ ತಪ್ಪಲಿಲ್ಲ, ಒಂದಕ್ಕೇ ನಿಂತಿತು. ಮನೆಗೆ ಬಂದವನೇ ಕಾಗದ ಬಿಡಿಸಿ ಹೆಂಡತಿಗೆ ತೋರಿಸಿದೆ: "ಇಲ್ಲಿ ನೋಡ, ಇಲ್ಲಿ ನಾ ಮಲಗೇನಿ."

"ಗೊತ್ತೈತಿ ಬಿಡ್ರಿ," ಎಂದಳು. "ಆ ಗೊರಕಿಗೆ ನನ್ನ ಗೆರಿ ಎಲ್ಲಿಗೆ ಏರಿತ್ತೋ, ಅದನ್ಯಾರ ನೋಡ್ಯಾರ?"