ಕೆಂಪು ದೀಪಕ್ಕೆ ನಿಂತ ತಂಗಿ

ಇವತ್ತು ಬೀದರಿನ ಚೌಕದಲ್ಲಿ ನನ್ನ ತಂಗಿ ಶಾಂತಾಳ ಶವಯಾತ್ರೆ ಕೆಂಪು ದೀಪಕ್ಕೆ ಸಿಕ್ಕಿಕೊಂಡಿತು, ಗೆಳೆಯರೇ. ಹೆಗಲಿಗೆ ಎತ್ತಿದ ಹೆಣವನ್ನು ನಡುದಾರಿಯಲ್ಲಿ ನಿಲ್ಲಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ನಡೆಯಿರಿ ಎಂದೆ. ಸಿಗ್ನಲ್ಲಿನ ಸಮಯ ಅಧ್ಯಯನ ಮಾಡುವ ಸಮಿತಿಯವರು ಕ್ಯಾಮೆರಾ ಇಟ್ಟುಕೊಂಡು ಅಲ್ಲೇ ಇದ್ದರು. ಅವರಲ್ಲೊಬ್ಬ ಎಂಜಿನಿಯರ್ ಓಡಿ ಬಂದು ಅಡ್ಡ ನಿಂತ.

"ಜರಾ ತಡೀರಿ ಅಮ್ಮಾ, ಪರೀಕ್ಷಾ ನಡದದ. ನಡುವ ದಾಟಿದ್ರ ನಮ್ಮ ಲೆಕ್ಕ ಎಲ್ಲಾ ಕೆಡ್ತದ್ರಿ."

"ಹೆಣಕ್ಕ ಯಾವ ಬಣ್ಣದ ದೀಪ ಇಟ್ಟದಪ್ಪಾ ನಿಮ್ಮ ಕಮಿಟಿ?"

"ಆ ಮಾತು ಮೀಟಿಂಗಿನಾಗ ಬರಲೇ ಇಲ್ರಿ."

"ಯಾಕ, ನಿಮ್ಮ ಊರಾಗ ಯಾರೂ ಸಾಯಂಗಿಲ್ಲೇನು?"

ಅವನು ತಲೆ ತಗ್ಗಿಸಿದ, ದಾರಿ ಮಾತ್ರ ಬಿಡಲಿಲ್ಲ. ಯಾತ್ರೆ ನಿಂತಿತೆನ್ನಬಾರದೆಂದು, ಹೆಗಲು ಕೊಟ್ಟ ತಂಗಿಯ ಮಕ್ಕಳು ಹಸಿರು ದೀಪ ಬರುವವರೆಗೂ ನಿಂತಲ್ಲೇ ಹೆಜ್ಜೆ ಹಾಕಿದರು. ಹೂವಿನ ನಡುವೆ ಶಾಂತಾಳ ತಲೆ ಮೆಲ್ಲಗೆ ಅಲುಗುತ್ತಿತ್ತು.

ಪೊಲೀಸ್ ಆ್ಯಕ್ಷನ್ ಆಗಿ 1948ರಲ್ಲಿ ಭಾರತದ ಸೈನ್ಯ ನಿಜಾಮನ ಸೀಮೆಗೆ ಬಂದಾಗ ಇದೇ ಚೌಕದಲ್ಲಿ ಸೈನಿಕರು ಬಂಡಿಗಳನ್ನೆಲ್ಲ ತಡೆಯುತ್ತಿದ್ದರು. ನಮ್ಮ ಅಜ್ಜನ ಹೆಣ ಬಂದಾಗ ಮಾತ್ರ ಬಂದೂಕು ಇಳಿಸಿ ದಾರಿ ಬಿಟ್ಟರು. ನನ್ನ ಲಂಗ ಹಿಡಿದು ನಡೆಯುತ್ತಿದ್ದ ಪುಟ್ಟ ಶಾಂತಾ ಕೇಳಿದ್ದಳು: "ಅಕ್ಕಾ, ಇವರೂ ಅಜ್ಜಗ ಅಂಜತಾರೇನ?"

ಇವತ್ತು ಹಾಗೆ ಕೇಳುವವರು ನನ್ನ ಪಕ್ಕದಲ್ಲಿ ಇರಲಿಲ್ಲ.

ಸಮಿತಿಯವರೇ, ಹೆಣದ ದೀಪದ ಬಗ್ಗೆ ಬೇಗ ತೀರ್ಮಾನಿಸಿ. ಮನೆಯಲ್ಲಿ ಮುಂದಿನ ಸರದಿ ನನ್ನದು, ನನಗೆ ಕಾಯುವ ಅಭ್ಯಾಸವಿಲ್ಲ.